ನಾವು ಉಳಿಸಿದ 0.6 ಯೂನಿಟ್

ಮೊದಲೇ ಹೇಳಿಬಿಡ್ತೀವಿ, ಇದು ಪ್ರೈಜ್ ಬಂದ ಪ್ರಾಜೆಕ್ಟಿನ ಕಥೆ ಅಲ್ಲ. ನಾವು ಡಿಸೈನ್ ಮಾಡಿದ ಕಟ್ಟಡ ಇನ್ನೂ ಕಾಗದದ ಮೇಲೇ ಇದೆ. ಕನ್ನಡ ಸಂಘದ ಗೆಳೆಯರು "ಏನಾದ್ರೂ ಬರೀರಿ" ಅಂತ ಮೂರು ಸಲ ಕೇಳಿದ ಮೇಲೆ, ನಾವು ನಾಲ್ಕು ಜನ ಕ್ಯಾಂಟೀನಲ್ಲಿ ಕೂತು ಇದನ್ನ ಬರೀತಿದ್ದೀವಿ. ನಾಲ್ಕೂ ಜನ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೂರನೇ ಸೆಮ್‌ನಲ್ಲಿ ಒಂದು ಮಿನಿ ಪ್ರಾಜೆಕ್ಟ್ ಇತ್ತು. ಊರಿನ ಜನಕ್ಕೆ ಉಪಯೋಗ ಆಗೋ ಏನಾದ್ರೂ ಡಿಸೈನ್ ಮಾಡಿ ಅಂತ. ನಮ್ಮ ಗುಂಪಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಸೈನ್ಸ್, ಹೀಗೆ ಒಂದೊಂದು ಬ್ರಾಂಚಿನವರು ಒಬ್ಬೊಬ್ಬರು. ಇಬ್ಬರು ಹುಡುಗೀರು, ಇಬ್ಬರು ಹುಡುಗರು. ಕಾಲೇಜಿನಿಂದ ಬಸ್ಸಲ್ಲಿ ಅರ್ಧ ಗಂಟೆ ದೂರದಲ್ಲಿ, ಮೈಸೂರು ಕಡೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಪ್ರೌಢಶಾಲೆ ಇದೆ. ಅಲ್ಲಿ ಮಳೆ ಬಂದ್ರೆ ಪಿಟಿ ಪಿರಿಯಡ್ ಇಲ್ಲ, ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಬಿಸಿಲಿಗೆ ಪಿಟಿ ಪಿರಿಯಡ್ ಇಲ್ಲ. ಅದಕ್ಕೆ ನಾವು ಆಯ್ಕೆ ಮಾಡಿಕೊಂಡ ವಿಷಯ: ಶಾಲೆ ಮತ್ತೆ ಊರು ಇಬ್ಬರೂ ಹಂಚಿಕೊಂಡು ಬಳಸೋ, ಕಡಿಮೆ ಕರೆಂಟ್ ತಿನ್ನೋ ಜಿಮ್ನಾಷಿಯಂ.

ಶಾಲೆ ನೋಡೋಕೆ ಮೊದಲೇ ಡಿಸೈನ್ ರೆಡಿ ಮಾಡಿಬಿಟ್ವಿ. ಇದು ನಮ್ಮ ಮೊದಲ ತಪ್ಪು. ನಾವು ಕಂಡಿದ್ದ ಜಿಮ್ ಅಂದ್ರೆ ಸಿಟಿಯದು, ಇಲ್ಲ ಸಿನಿಮಾದ್ದು. ಪಡುವಣ ದಿಕ್ಕಿಗೆ ಪೂರ್ತಿ ಗಾಜಿನ ಗೋಡೆ, ಮರದ ನೆಲ, ಮೂರು ಬ್ಯಾಡ್ಮಿಂಟನ್ ಕೋರ್ಟ್, ಪಕ್ಕದಲ್ಲಿ ಟ್ರೆಡ್‌ಮಿಲ್ ರೂಮು, ಮೇಲೆ ಎಸಿ ಡಕ್ಟ್. ಛಾವಣಿ ತುಂಬ ಸೋಲಾರ್ ಪ್ಯಾನೆಲ್ ಹಾಕಿ "ಗ್ರೀನ್" ಅಂತ ಹೆಸರಿಟ್ವಿ. ರೆಂಡರ್ ಮಾತ್ರ ಸಕತ್ತಾಗಿ ಬಂತು. ಗೈಡ್ ಸರ್ ನೋಡಿ ಒಂದೇ ಪ್ರಶ್ನೆ ಕೇಳಿದ್ರು: "ಎಸಿ ಎಷ್ಟು ಟನ್?"

ಮೂವತ್ತು ಟನ್ ಅಂದ್ವಿ.

"ಬೋರ್ಡ್ ಮೇಲೆ ಲೆಕ್ಕ ಹಾಕಿ."

ಹಾಕಿದ್ವಿ. ಒಂದು ಟನ್ ಎಸಿ ಅಂದ್ರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನ ಹೊರಗೆ ಹಾಕೋ ಶಕ್ತಿ. 30 ಟನ್‌ಗೆ 105 ಕಿಲೋವ್ಯಾಟ್. ಒಂದು ಪಾಲು ಕರೆಂಟಿಗೆ ಮೂರು ಪಾಲು ಶಾಖ ಹೊರಹೋಗುತ್ತೆ ಅಂತ ಹಿಡಿದ್ರೂ 35 ಕಿಲೋವ್ಯಾಟ್ ಕರೆಂಟ್ ಬೇಕು. ದಿನಕ್ಕೆ ನಾಲ್ಕು ಗಂಟೆ ಓಡಿಸಿದ್ರೆ 140 ಯೂನಿಟ್. ನಮ್ಮ ಕಡೆ ಒಂದು ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತೆ. ಅಂದ್ರೆ ಬರೀ ಎಸಿಗೇ 35 ಕಿಲೋವ್ಯಾಟ್ ಪ್ಯಾನೆಲ್. ಸರ್ ನಗಲಿಲ್ಲ, ಬೈಯಲೂ ಇಲ್ಲ. "ಬಿಸಿಲನ್ನ ಗಾಜಿನಲ್ಲಿ ಒಳಗೆ ಕರೆದು, ಎಸಿ ಹಾಕಿ ಹೊರಗೆ ಕಳಿಸ್ತೀರಿ, ಆ ಎಸಿಗೆ ಮತ್ತೆ ಬಿಸಿಲಿಂದಲೇ ಕರೆಂಟು. ಮೊದಲು ಹೋಗಿ ಶಾಲೆ ನೋಡ್ಕೊಂಡು ಬನ್ನಿ" ಅಂದ್ರು.

ಒಂದು ಶನಿವಾರ ಹೋದ್ವಿ. ಮುಖ್ಯ ಶಿಕ್ಷಕಿಗೆ ಮಕ್ಕಳೆಲ್ಲ "ಹೆಡ್ ಮಿಸ್" ಅಂತಾರೆ, ನಾವೂ ಹಾಗೇ ಕರೆದ್ವಿ. "ಜಿಮ್ ಮಾಡ್ತೀವಿ ಮಿಸ್" ಅಂದ ತಕ್ಷಣ ಅವರ ಮುಖದಲ್ಲಿ ಗೊಂದಲ. "ಈ ಮಕ್ಕಳಿಗೆ ಡಂಬೆಲ್ಸ್ ಯಾಕಪ್ಪಾ?" ಅಲ್ಲಿ ಜಿಮ್ ಅಂದ್ರೆ ಅಷ್ಟೇ ಅರ್ಥ. ಡಿಕ್ಷನರಿಯಲ್ಲಿ "ವ್ಯಾಯಾಮಶಾಲೆ" ಅಂತ ಇತ್ತು, ಅದನ್ನ ಹೇಳಿದ್ರೆ ನಮಗೇ ಯಾವುದೋ ಸರ್ಕಾರಿ ಬೋರ್ಡ್ ಓದಿದ ಹಾಗಾಯ್ತು. ಕೊನೆಗೆ ಪಿಟಿ ಸರ್ ಬಂದು "ಒಳಾಂಗಣ ಮಿಸ್, ಆಟದ ಹಾಲ್" ಅಂದ್ರು. ಅವತ್ತಿನಿಂದ ನಾವೂ "ಆಟದ ಹಾಲ್" ಅಂತಲೇ ಅನ್ನೋದು.

ಮೈದಾನದಲ್ಲಿ ಮಕ್ಕಳು ಬರಿಗಾಲಲ್ಲಿ ಕಬಡ್ಡಿ, ಖೋ ಖೋ ಆಡ್ತಿದ್ರು. ಬ್ಯಾಡ್ಮಿಂಟನ್ ರಾಕೆಟ್ ಇಡೀ ಶಾಲೆಗೆ ನಾಲ್ಕಿದ್ವು, ಅದರಲ್ಲಿ ಎರಡಕ್ಕೆ ತಂತಿ ಇಲ್ಲ. ಸಾಯಂಕಾಲ ಆದ್ರೆ ಊರ ಹುಡುಗರು ಎರಡು ಬಿದಿರು ಗಳ ನೆಟ್ಟು, ಬಲ್ಬ್ ಕಟ್ಟಿ ಶಟಲ್ ಆಡ್ತಾರೆ ಅಂತ ಪಿಟಿ ಸರ್ ಹೇಳಿದ್ರು. ಕರೆಂಟ್ ಎಲ್ಲಿಂದ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸೈಕಲ್ ಶೆಡ್ಡಿಗೆ ಜಿಂಕ್ ಶೀಟ್. ಅದರ ಬಿಸಿ ಅಳೆಯೋಣ ಅಂತ ಲ್ಯಾಬಿಂದ ಇನ್‌ಫ್ರಾರೆಡ್ ಥರ್ಮಾಮೀಟರ್ ತಗೊಂಡು ಹೋಗಿದ್ವಿ. ಮಧ್ಯಾಹ್ನ ಎರಡು ಗಂಟೆಗೆ ಶೀಟಿನ ಒಳಮೈಗೆ ಗುರಿ ಹಿಡಿದ್ರೆ 41 ಡಿಗ್ರಿ ತೋರಿಸ್ತು. ಪರವಾಗಿಲ್ವಲ್ಲ ಅನ್ಕೊಂಡ್ವಿ. ಆದ್ರೆ ಕೆಳಗೆ ನಿಂತ್ರೆ ತಲೆ ಸುಡ್ತಿತ್ತು. ಸರ್‌ಗೆ ಫೋನ್ ಮಾಡಿದ್ವಿ. "ಹೊಳೆಯೋ ಲೋಹ ಶಾಖವನ್ನ ಕಡಿಮೆ ಸೂಸುತ್ತೆ, ಮೀಟರ್ ಮೋಸ ಹೋಗುತ್ತೆ. ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಐದು ನಿಮಿಷ ಬಿಟ್ಟು ಟೇಪಿನ ಮೇಲೆ ಅಳೀರಿ" ಅಂದ್ರು. ಅಂಟಿಸಿದ್ವಿ. 57 ಡಿಗ್ರಿ. ಪಕ್ಕದಲ್ಲೇ ಮಂಗಳೂರು ಹೆಂಚಿನ ಹಳೇ ಕ್ಲಾಸ್ ರೂಮು, ಅಲ್ಲಿ ಹೆಂಚಿನ ಒಳಮೈ 39. ಎಮಿಸಿವಿಟಿ ಅನ್ನೋ ಪದವನ್ನ ನಾವು ಹೋದ ವರ್ಷ ಎರಡು ಮಾರ್ಕಿಗೆ ಬಾಯಿಪಾಠ ಮಾಡಿದ್ವಿ. ಅದರ ಅರ್ಥ ಆಗಿದ್ದು ಅವತ್ತು, ಹತ್ತು ರೂಪಾಯಿ ಟೇಪಿನಿಂದ.

ವಾಪಸ್ ಬಂದು ಎಲ್ಲ ಅಳಿಸಿ ಎರಡನೇ ಡಿಸೈನ್ ಶುರು ಮಾಡಿದ್ವಿ. ಹಾಲ್ ಅಳತೆ 30 ಮೀಟರ್ ಉದ್ದ, 18 ಮೀಟರ್ ಅಗಲ, 8 ಮೀಟರ್ ಎತ್ತರ. ಉದ್ದ ಮುಖ ಉತ್ತರ-ದಕ್ಷಿಣಕ್ಕೆ, ಮೂಡಣ-ಪಡುವಣಕ್ಕೆ ಗಟ್ಟಿ ಗೋಡೆ. ಗಾಜೂ ಇಲ್ಲ, ಎಸಿಯೂ ಇಲ್ಲ.

ಛಾವಣಿಗೆ ದಾರಿ ತೋರಿಸಿದ್ದು ಬಹಳ ದೂರದ ಒಂದು ಶಾಲೆ. ಆಫ್ರಿಕಾದ ಬುರ್ಕಿನಾ ಫಾಸೋದ ಗಾಂಡೋ ಅನ್ನೋ ಹಳ್ಳಿಯಲ್ಲಿ ಫ್ರಾನ್ಸಿಸ್ ಕೆರೆ ಅನ್ನೋರು 2001ರಲ್ಲಿ ಒಂದು ಪ್ರಾಥಮಿಕ ಶಾಲೆ ಕಟ್ಟಿದ್ರು. ಅದು ಅವರದೇ ಊರು. ಮಣ್ಣಿನ ಇಟ್ಟಿಗೆಯ ಸೀಲಿಂಗ್, ಅದರ ಮೇಲೆ ಅಂತರ ಬಿಟ್ಟು ಎತ್ತರಿಸಿದ ತಗಡಿನ ಛಾವಣಿ. ತಗಡು ಬಿಸಿಲು ತಿನ್ನುತ್ತೆ, ನಡುವಿನ ಗಾಳಿ ಆ ಬಿಸಿಯನ್ನ ಹೊತ್ತುಕೊಂಡು ಹೋಗುತ್ತೆ, ಕೆಳಗೆ ಮಕ್ಕಳು ತಂಪಾಗಿ ಕೂತಿರ್ತಾರೆ. 2022ರಲ್ಲಿ ಅವರಿಗೆ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು, ಆಫ್ರಿಕಾದವರಿಗೆ ಅದು ಬಂದಿದ್ದು ಅದೇ ಮೊದಲು. ಇನ್ನೊಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನ ಪನ್ಯಾದೆನ್ ಶಾಲೆಯ ಆಟದ ಹಾಲ್. 2017ರದ್ದು, 782 ಚದರ ಮೀಟರ್, ಪೂರ್ತಿ ಬಿದಿರಿನದು. 17 ಮೀಟರಿಗಿಂತ ಉದ್ದದ ಬಿದಿರಿನ ತೊಲೆಗಳು ನಡುವೆ ಒಂದೂ ಕಂಬ ಇಲ್ಲದೆ ನಿಂತಿವೆ. ಎಸಿ ಇಲ್ಲ. ಅದನ್ನ ನೋಡಿ ನಮ್ಮ ಸಿವಿಲ್ ಹುಡುಗಿ "ನಮಗೂ ಬಿದಿರು ಬೇಕು" ಅಂತ ಎರಡು ದಿನ ಹಠ ಹಿಡಿದಳು. ಆ ಥರ ಬಿದಿರಿಗೆ ಕೀಟ ಹತ್ತದ ಹಾಗೆ ಹದ ಮಾಡಿ, ಲೆಕ್ಕ ಹಾಕಿ ಕಟ್ಟೋ ಕೈಗಳು ಅಲ್ಲಿವೆ, ನಮ್ಮ ಊರಲ್ಲಿ ಸಿಗೋದು ಶೀಟು, ಹೆಂಚು. ಕೊನೆಗೆ ಕೆಳಗೆ ಹೆಂಚು, ಮೇಲೆ ಅರ್ಧ ಮೀಟರ್ ಅಂತರದಲ್ಲಿ ಬಿಳಿ ಬಳಿದ ಶೀಟ್ ಅಂತ ನಿರ್ಧಾರ ಆಯ್ತು.

ಗಾಳಿ ವಿಚಾರ ಇನ್ನೂ ಮಜಾ. ಪುಸ್ತಕದಲ್ಲಿ "ಕ್ರಾಸ್ ವೆಂಟಿಲೇಷನ್ ಕೊಡಿ" ಅಂತ ಇರುತ್ತೆ. ಎದುರುಬದುರು ದೊಡ್ಡ ಕಿಟಕಿ ಇಟ್ರೆ ಶಟಲ್ ಕಾಕ್ ನೆಟ್ ದಾಟೋ ಬದಲು ಪಕ್ಕದ ಕೋರ್ಟಿಗೆ ಹೋಗುತ್ತೆ. ಐದು ಗ್ರಾಮಿನ ಆಸುಪಾಸಿನ ಗರಿಯ ಬುಟ್ಟಿ ಅದು. ಗಾಳಿ ಬೇಕು, ಬೀಸಬಾರದು. ಅದಕ್ಕೆ ನೆಲದ ಹತ್ರ ಸಣ್ಣ ಸಣ್ಣ ಜಾಲಂಧ್ರ, ಒಟ್ಟು 12 ಚದರ ಮೀಟರ್. ಛಾವಣಿಯ ನೆತ್ತಿಯಲ್ಲಿ 7 ಚದರ ಮೀಟರ್ ಬಾಯಿ. ಬಿಸಿ ಗಾಳಿ ಹಗುರ, ತಾನೇ ಮೇಲೇರಿ ಹೋಗುತ್ತೆ, ಕೆಳಗಿಂದ ಹೊಸ ಗಾಳಿ ಬರುತ್ತೆ. ಜೋರಾಗಿ ಆಡೋ ಒಬ್ಬ ಮನುಷ್ಯ ಸುಮಾರು 400 ವ್ಯಾಟ್ ಶಾಖ ಬಿಡ್ತಾನೆ. 30 ಜನ ಆಡ್ತಿದ್ರೆ ಹಾಲ್ ಒಳಗೆ 12 ಕಿಲೋವ್ಯಾಟ್ ಹೀಟರ್ ಹಚ್ಚಿಟ್ಟ ಹಾಗೆ. ಲೆಕ್ಕ ಹಾಕಿದಾಗ, ಒಳಗೂ ಹೊರಗೂ 3 ಡಿಗ್ರಿ ವ್ಯತ್ಯಾಸ ಇದ್ರೆ ಗಂಟೆಗೆ ಮೂರು ಸಲ ಹಾಲಿನ ಗಾಳಿ ಪೂರ್ತಿ ಬದಲಾಗುತ್ತೆ. ಕೆಳಗಿನ ಜಾಲಂಧ್ರದಲ್ಲಿ ಗಾಳಿಯ ವೇಗ ಸೆಕೆಂಡಿಗೆ 0.3 ಮೀಟರ್ ಅಷ್ಟೆ. ಶಟಲ್‌ಗೆ ಗೊತ್ತೇ ಆಗಲ್ಲ. ಆ ಉತ್ತರ ಬಂದ ರಾತ್ರಿ ಹಾಸ್ಟೆಲಲ್ಲಿ ನಾವು ಕಿರುಚಿದ್ದು ವಾರ್ಡನ್‌ಗೂ ಕೇಳಿಸ್ತು.

ಬೆಳಕಿಗೆ ಉತ್ತರದ ಗೋಡೆಯ ಮೇಲ್ಭಾಗದಲ್ಲಿ ಉದ್ದಕ್ಕೂ ಕಿಟಕಿ. ಉತ್ತರದ ಬೆಳಕು ತಂಪು, ನೇರ ಬಿಸಿಲು ಬರಲ್ಲ ಅಂತ ಎಲ್ಲ ಕಡೆ ಬರೆದಿರ್ತಾರೆ. ಅದನ್ನ ಬರೆದವರು ನಮ್ಮ ಊರಲ್ಲಿ ಇರೋರಲ್ಲ. ಮೈಸೂರು ಇರೋದು ಸುಮಾರು 12.3 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರ್ತಾನೆ, ಜೂನ್ 21ಕ್ಕೆ ಸುಮಾರು 11 ಡಿಗ್ರಿಯಷ್ಟು. ಆ ತಿಂಗಳಲ್ಲಿ ಬೆಳಿಗ್ಗೆ, ಸಾಯಂಕಾಲ ಓರೆ ಬಿಸಿಲು ಉತ್ತರದ ಕಿಟಕಿಗೇ ಬಡಿಯುತ್ತೆ. ಹಾಗಾಗಿ ಉತ್ತರಕ್ಕೂ ಸೂರು ಬೇಕು, ಪಕ್ಕದಲ್ಲಿ ನಿಂತ ಪಟ್ಟಿಗಳೂ ಬೇಕು. ಕಂಪ್ಯೂಟರ್ ಸೈನ್ಸ್‌ನವನು ಪೈಥಾನ್‌ನಲ್ಲಿ ಸೂರ್ಯನ ದಾರಿ ಬರೆದು ತೋರಿಸಿದ ಮೇಲೆ ನಮಗೆ ನಂಬಿಕೆ ಬಂತು.

ಹಗಲಲ್ಲಿ ಲೈಟೇ ಬೇಡ. ರಾತ್ರಿಗೆ 100 ವ್ಯಾಟಿನ ಎಲ್‌ಇಡಿ 21, ಕೋರ್ಟಿಗೆ ಏಳರಂತೆ. ತಲೆ ಎತ್ತಿ ಆಡೋರ ಕಣ್ಣಿಗೆ ಹೊಡೆಯದ ಹಾಗೆ ಕೋರ್ಟಿನ ನೆತ್ತಿಯ ಮೇಲೆ ಬಿಟ್ಟು ಪಕ್ಕದ ಗೆರೆಗಳ ಮೇಲೆ ಸಾಲಾಗಿ. ಕೂರೋ ಜಾಗದಲ್ಲಿ 35 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಎಂಟು. ಹಳೇ ಫ್ಯಾನ್ ಆಗಿದ್ರೆ ಒಂದೊಂದೂ 75 ವ್ಯಾಟ್ ತಿನ್ನುತ್ತಿತ್ತು. ಒಟ್ಟು 2.38 ಕಿಲೋವ್ಯಾಟ್. ಬೆಳಗಿನ ಜಾವ ಒಂದು ಗಂಟೆ, ರಾತ್ರಿ ಮೂರು ಗಂಟೆ ಸೇರಿ ದಿನಕ್ಕೆ ನಾಲ್ಕು ಗಂಟೆ: 9.5 ಯೂನಿಟ್. ಹೊರಗೆ ಗೇಟಿನಿಂದ ಹಾಲ್‌ವರೆಗಿನ ದಾರಿಗೆ 30 ವ್ಯಾಟಿನ ನಾಲ್ಕು ದೀಪ, ಐದು ಗಂಟೆಗೆ 0.6 ಯೂನಿಟ್. ಒಟ್ಟು 10.1.

140ರ ಎಸಿಯಿಂದ 10.1ಕ್ಕೆ ಇಳಿದಿದ್ವಿ. ಆದ್ರೆ ಪೋಸ್ಟರಿನ ಮೇಲೆ 10.1 ಅಂತ ಬರೆದು ನೋಡಿದಾಗ ಯಾಕೋ ಸಮಾಧಾನ ಆಗಲಿಲ್ಲ. ಒಂದಂಕಿ ಆಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು! ಲಿಸ್ಟಲ್ಲಿ ಯಾವುದನ್ನ ತೆಗೀಬಹುದು ಅಂತ ನೋಡಿದ್ವಿ. ಆಟಕ್ಕೆ ಬೇಡದ್ದು ಒಂದೇ, ದಾರಿ ದೀಪ. ಫೋನಲ್ಲಿ ಟಾರ್ಚ್ ಇರುತ್ತಲ್ಲ ಅಂತ ಯಾರೋ ಅಂದ್ರು. ಯಾರು ಅಂದಿದ್ದು ಅಂತ ಈಗ ನಾಲ್ವರಲ್ಲಿ ಯಾರೂ ಒಪ್ಪಲ್ಲ. ಬ್ಯಾಕ್‌ಸ್ಪೇಸ್ ಒತ್ತಿದ್ವಿ. 9.5.

ಎಸ್‌ಡಿಎಂಸಿ ಸಭೆಯ ದಿನ ಪ್ರೆಸೆಂಟೇಷನ್. ಎಸ್‌ಡಿಎಂಸಿ ಅಂದ್ರೆ ಮಕ್ಕಳ ತಂದೆ ತಾಯಿ ಇರೋ ಶಾಲಾ ಸಮಿತಿ. ಅದೇ ಹೆಂಚಿನ ಕ್ಲಾಸ್ ರೂಮಲ್ಲಿ, ಬೆಂಚಿನ ಮೇಲೆ ಹತ್ತು ಹದಿನೈದು ಜನ ದೊಡ್ಡವರು, ಹಿಂದೆ ಒಂಬತ್ತನೇ ಕ್ಲಾಸಿನ ಮಕ್ಕಳು. ಸ್ಲೈಡೆಲ್ಲ ಇಂಗ್ಲಿಷಲ್ಲಿ, ಮಾತಾಡಬೇಕಾಗಿದ್ದು ಕನ್ನಡದಲ್ಲಿ. "ದಿಸ್ ಹಾಲ್ ಈಸ್..." ಅಂತ ಶುರು ಮಾಡಿ ನಿಲ್ಲಿಸಿದ್ವಿ. ಮನೆಯಲ್ಲಿ ಅಮ್ಮನ ಹತ್ರ ದಿನಾ ಮಾತಾಡೋ ಭಾಷೆ, ಆದ್ರೆ "ದಿಸ್ ರಿಡ್ಯೂಸಸ್ ಹೀಟ್ ಗೇನ್" ಅನ್ನೋದನ್ನ ಅದೇ ಭಾಷೆಯಲ್ಲಿ ಹೇಳೋಕೆ ಬಾಯಿ ಬರಲಿಲ್ಲ. ಕೊನೆಗೆ ಸಿವಿಲ್ ಹುಡುಗಿ ಕೈಯಲ್ಲಿದ್ದ ಫೈಲನ್ನ ತಲೆ ಮೇಲೆ ಹಿಡ್ಕೊಂಡು, ಅದರ ಮೇಲೆ ಇನ್ನೊಂದು ಫೈಲ್ ಹಿಡಿದು, "ಮೇಲಿನದು ಬಿಸಿಲು ತಗೊಳುತ್ತೆ, ಮಧ್ಯದಲ್ಲಿ ಗಾಳಿ ಓಡುತ್ತೆ, ಕೆಳಗಿನದು ತಣ್ಣಗಿರುತ್ತೆ" ಅಂದಳು. ಎಲ್ಲರಿಗೂ ಅರ್ಥ ಆಯ್ತು. ನಮಗೂ ಅವತ್ತೇ ಸರಿಯಾಗಿ ಅರ್ಥ ಆಯ್ತು ಅನ್ನಿಸುತ್ತೆ.

ಮುಂದಿನ ಬೆಂಚಲ್ಲಿ ಒಬ್ಬರು ತಾತ ಇದ್ರು, ಯಾರದೋ ಮೊಮ್ಮಗನ ಪರವಾಗಿ ಬಂದೋರು. "ನೀವು ಹೇಳ್ತಿರೋದು ಗರಡಿ ಮನೆ ಕಣ್ರಪ್ಪಾ" ಅಂದ್ರು. "ದಪ್ಪ ಮಣ್ಣು ಗೋಡೆ, ಮೇಲೆ ಹೆಂಚು, ಬಗ್ಗಿ ಹೋಗೋ ಬಾಗ್ಲು. ಒಳಗೆ ಹೋದ್ರೆ ಏಪ್ರಿಲಲ್ಲೂ ತಂಪು. ಬೆಳಗಿನ ಜಾವ ಎದ್ದು ಸಾಮು ಮಾಡ್ತಿದ್ವಿ, ಒಂದು ಬಲ್ಬೂ ಇರ್ಲಿಲ್ಲ. ಇಡೀ ಊರಿಗೇ ಒಂದು." ನಮ್ಮ ಮೂರು ತಿಂಗಳ ಕೆಲಸವನ್ನ ಅವರು ಮೂರು ಮಾತಲ್ಲಿ ಹೇಳಿ ಮುಗಿಸಿದ್ರು. ಮೈಸೂರಿನ ಹಳೇ ಬೀದಿಗಳಲ್ಲಿ ಈಗಲೂ ಗರಡಿಗಳಿವೆ. ಅದರ ಮುಂದೆ ಎಷ್ಟೋ ಸಲ ಗಾಡಿಯಲ್ಲಿ ಹೋಗಿದ್ದೀವಿ, ಅದನ್ನ ಒಂದು ಕಟ್ಟಡ ಅಂತ ನೋಡೇ ಇರ್ಲಿಲ್ಲ.

ಹೆಡ್ ಮಿಸ್ ಕೇಳಿದ್ದು ಬೇರೆ. "ಊರಿನವರು ಬರಲಿ, ಸಂತೋಷ. ಬೀಗದ ಕೈ ಯಾರ ಹತ್ರ ಇರುತ್ತೆ? ರಾತ್ರಿ ಉರಿದ ಲೈಟಿಗೆ ಶಾಲೆ ಯಾಕೆ ಲೆಕ್ಕ ಕೊಡಬೇಕು? ಟಾಯ್ಲೆಟ್ ಯಾರು ತೊಳೀತಾರೆ? ರಜೆ ದಿನ ಯಾರಾದ್ರೂ ಕ್ಲಾಸ್ ರೂಮಿಗೆ ನುಗ್ಗಿದ್ರೆ?" ನಮ್ಮ ಡ್ರಾಯಿಂಗಲ್ಲಿ ಹಾಲ್‌ಗೆ ಒಂದೇ ಬಾಗಿಲು, ಅದೂ ಶಾಲೆಯ ಅಂಗಳದ ಒಳಗಿಂದ. "ಹಂಚಿಕೊಂಡು ಬಳಸೋ" ಅಂತ ಟೈಟಲ್‌ನಲ್ಲಿ ಬರೆದಿದ್ವಿ, ಪ್ಲಾನಲ್ಲಿ ಬರೆದಿರ್ಲಿಲ್ಲ.

ಆಮೇಲೆ ಹಿಂದಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು. ಖೋ ಖೋ ಟೀಮಿನವಳು, ತಾಲ್ಲೂಕು ಮಟ್ಟಕ್ಕೆ ಹೋಗಿ ಬಂದವಳು. ಮೊದಲು ಕೇಳಿದ್ದು ತಾತನನ್ನ: "ತಾತ, ಗರಡಿಗೆ ಹೆಣ್ಮಕ್ಳು ಬರ್ತಿದ್ರಾ?"

ತಾತ ನಕ್ಕರು. "ಅದೆಂಗವ್ವಾ..." ಅಂದು ಸುಮ್ಮನಾದ್ರು.

ಆಮೇಲೆ ನಮ್ಮ ಕಡೆ ತಿರುಗಿದಳು. "ಅಕ್ಕ, ಸಾಯಂಕಾಲ ಊರ ಅಣ್ಣಂದಿರು ಬಂದ್ರೆ ನಮಗೆ ಯಾವಾಗ ಸಿಗುತ್ತೆ? ಡಿಸೆಂಬರಲ್ಲಿ ಆರು ಗಂಟೆಗೇ ಕತ್ತಲೆ. ಗೇಟ್ ತನಕ ಲೈಟ್ ಇಲ್ಲ. ಆಟ ಮುಗಿಸ್ಕೊಂಡು ಹೆಂಗೆ ಹೋಗೋದು?"

ಅವಳ ಹತ್ರ ಫೋನ್ ಇರ್ಲಿಲ್ಲ. ಟಾರ್ಚ್ ಮಾತಾಡಿದ ನಾವು ನಾಲ್ಕೂ ಜನ ಪೋಸ್ಟರ್ ಕಡೆ ನೋಡಿದ್ವಿ. ದೊಡ್ಡ ಹಸಿರು ಅಕ್ಷರದಲ್ಲಿ 9.5. ಆ ಅಂಕಿ ಅಷ್ಟು ಚೆನ್ನಾಗಿ ಕಾಣೋಕೆ ಕಾರಣ ಅವಳ ದಾರಿಯ ನಾಲ್ಕು ದೀಪ ಆರಿಸಿದ್ದು. ಅಳಿಸಿದ್ದು ನಾವೇ ಅಂತ ಅವಳಿಗೆ ಗೊತ್ತಿರ್ಲಿಲ್ಲ. ನಾವು ಹೇಳಲೂ ಇಲ್ಲ. "ಹಾಕ್ತೀವಿ, ಬರ್ಕೊಂಡ್ವಿ" ಅಂದ್ವಿ. ನಮ್ಮಲ್ಲಿ ಇಬ್ಬರು ಹುಡುಗೀರಿದ್ದೂ, ಲೈಬ್ರರಿಯಿಂದ ಹಾಸ್ಟೆಲ್‌ಗೆ ಬರೋ ದಾರಿಯಲ್ಲಿ ದೀಪ ಕೆಟ್ಟಾಗ ಎರಡು ವಾರ ಕಂಪ್ಲೇಂಟ್ ಬರೆದೋರೇ ಆಗಿದ್ದೂ, ಆ ಬ್ಯಾಕ್‌ಸ್ಪೇಸ್ ಒತ್ತುವಾಗ ಯಾರಿಗೂ ಏನೂ ಅನ್ನಿಸಿರ್ಲಿಲ್ಲ. ಎಕ್ಸೆಲ್ ಶೀಟಲ್ಲಿ ಅದು ಒಂದು ಸಾಲು ಅಷ್ಟೆ.

ವಾಪಸ್ ಬರೋ ಬಸ್ಸಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಮಾರನೇ ದಿನ ಮೂರನೇ ಡಿಸೈನ್‌ಗೆ ಕೂತ್ವಿ. ಈ ಸಲ ಶುರು ಮಾಡಿದ್ದು ಬೀಗದಿಂದ.

ಹಾಲ್‌ಗೆ ಎರಡು ಬಾಗಿಲು. ಒಂದು ಶಾಲೆ ಕಡೆಗೆ, ಒಂದು ರಸ್ತೆ ಕಡೆಗೆ. ಶಾಲೆ ಮುಗಿದ ಮೇಲೆ ಒಳಗಿನ ಬಾಗಿಲಿಗೆ ಬೀಗ, ಕ್ಲಾಸ್ ರೂಮ್ ಕಡೆ ಯಾರೂ ಹೋಗೋ ಹಾಗಿಲ್ಲ. ಟಾಯ್ಲೆಟ್ ಹಾಲಿನ ಒಳಗಿಂದಲೇ, ಹುಡುಗೀರದ್ದು ಪಿಟಿ ಸರ್ ರೂಮಿನ ಪಕ್ಕ. ಹಾಲ್‌ಗೆ ಬೇರೆ ಸಬ್ ಮೀಟರ್, ತಿಂಗಳ ಕೊನೆಗೆ ಊರಿನ ಸಮಯದ ಯೂನಿಟ್ ಎಷ್ಟು ಅಂತ ಬೋರ್ಡ್ ಮೇಲೆ ಬರೆಯೋದು. ಒಂದೊಂದು ಕೋರ್ಟಿಗೂ ಬೇರೆ ಸ್ವಿಚ್. ಟೈಮ್ ಟೇಬಲ್ ಕಾಗದದಲ್ಲಲ್ಲ, ಬಾಗಿಲ ಪಕ್ಕದ ಗೋಡೆ ಮೇಲೆ ಪೇಂಟಲ್ಲಿ. ಅದರಲ್ಲಿ ಸಂಜೆ ಐದರಿಂದ ಆರೂವರೆ ಹುಡುಗೀರಿಗೆ ಮಾತ್ರ. ಕಾಗದ ಆದ್ರೆ ಹರಿದು ಹಾಕ್ತಾರೆ ಅಂದಿದ್ದು ಪಿಟಿ ಸರ್. ಮರದ ನೆಲ ತೆಗೆದ್ವಿ, ಟ್ರೆಡ್‌ಮಿಲ್ ರೂಮು ತೆಗೆದ್ವಿ. ಮೂರು ಕೋರ್ಟಿನ ಗೆರೆಗಳ ಮೇಲೆ ಬೇರೆ ಬಣ್ಣದಲ್ಲಿ ಕಬಡ್ಡಿ ಅಂಕಣ.

ದಾರಿಯ ನಾಲ್ಕೂ ದೀಪ ವಾಪಸ್ ಬಂದ್ವು. ಲೆಕ್ಕ ಮತ್ತೆ 10.1. ಆಗ ಎಲೆಕ್ಟ್ರಿಕಲ್‌ನವನು ಒಂದು ಮಾತು ಅಂದ: "ರಾತ್ರಿ ಕೊನೇ ಗಂಟೆ ಮೂರೂ ಕೋರ್ಟ್ ತುಂಬಿರಲ್ಲ, ಒಂದನ್ನ ಆರಿಸಿದ್ರೆ?" ಒಂದು ಕೋರ್ಟ್ ಅಂದ್ರೆ ಏಳು ದೀಪ, 700 ವ್ಯಾಟ್, ಒಂದು ಗಂಟೆಗೆ 0.7 ಯೂನಿಟ್. ದಾರಿ ದೀಪಕ್ಕೆ ಬೇಕಾಗಿದ್ದು 0.6. ದೀಪ ಹಾಕಿಯೂ 9.4ಕ್ಕೆ ಬಂತು, ಮೊದಲಿಗಿಂತ ಕಡಿಮೆ. ಮೂರು ಕಿಲೋವ್ಯಾಟ್ ಪ್ಯಾನೆಲ್ ಇಟ್ರೆ ವರ್ಷದ ಸರಾಸರಿಯಲ್ಲಿ ಅಷ್ಟನ್ನೂ ಗ್ರಿಡ್‌ಗೆ ವಾಪಸ್ ಕೊಡಬಹುದು. ಖುಷಿ ಪಡಬೇಕಾಗಿತ್ತು. ಆದ್ರೆ ಈ ಲೆಕ್ಕ ಮೊದಲ ದಿನವೂ ಅಲ್ಲೇ ಇತ್ತು. ಹುಡುಕೋಕೆ ಎರಡು ನಿಮಿಷ ಸಾಕಾಗಿತ್ತು. ಅವಳು ಎದ್ದು ಕೇಳೋವರೆಗೂ ಆ ಎರಡು ನಿಮಿಷ ನಾವು ಕೊಟ್ಟಿರ್ಲಿಲ್ಲ. ಅವಳು ಅವತ್ತು ಕೇಳದೆ ಹೋಗಿದ್ರೆ ಪೋಸ್ಟರ್ ಹಾಗೇ ಇರ್ತಿತ್ತು, ಮಾರ್ಕ್ಸೂ ಬಂದಿರ್ತಿತ್ತು.

ಇನ್ನೊಂದು ಲೆಕ್ಕವನ್ನೂ ಹೇಳಿಬಿಡ್ತೀವಿ, ಯಾಕಂದ್ರೆ ಅದು ನಮ್ಮ ಕಣ್ಣು ತೆರೆಸಿತು. ಶಾಲೆ ಮಾತ್ರ ಬಳಸಿದ್ರೆ ವರ್ಷಕ್ಕೆ 220 ದಿನ, ದಿನಕ್ಕೆ ಎರಡು ಗಂಟೆ ಅಂತ ಹಿಡಿದ್ವಿ: 440 ಗಂಟೆ. ವರ್ಷಕ್ಕೆ ಇರೋದು 8,760 ಗಂಟೆ. ಅಂದ್ರೆ ನೂರಕ್ಕೆ ಐದು ಪಾಲು ಸಮಯ ಮಾತ್ರ ಹಾಲ್ ತೆರೆದಿರುತ್ತೆ. ಊರಿನವರಿಗೆ 330 ದಿನ, ಬೆಳಿಗ್ಗೆ ಸಾಯಂಕಾಲ ಸೇರಿ ಆರು ಗಂಟೆ ಕೊಟ್ರೆ ಇನ್ನೂ 1,980 ಗಂಟೆ. ಒಟ್ಟು 2,420, ಐದೂವರೆ ಪಟ್ಟು. ಸಿಮೆಂಟು, ಕಬ್ಬಿಣ, ಹೆಂಚು ಸುಡೋಕೆ ಆಗಲೇ ಖರ್ಚಾದ ಶಕ್ತಿ ಬೀಗ ಹಾಕಿದ್ರೂ ವಾಪಸ್ ಬರಲ್ಲ. ಯಾವ ಫ್ಯಾನ್ ಬದಲಾಯಿಸಿದ್ರೂ ಐದೂವರೆ ಪಟ್ಟು ಲಾಭ ಸಿಗಲ್ಲ, ಬಾಗಿಲು ತೆರೆದಿಟ್ರೆ ಸಿಗುತ್ತೆ. ಆದ್ರೆ ಆ 1,980 ಗಂಟೆಯಲ್ಲಿ ಊರಿನ ಅರ್ಧ ಜನ ಕತ್ತಲೆಗೆ ಹೆದರಿ ಮನೆಯಲ್ಲೇ ಇದ್ರೆ, ಹಂಚಿಕೊಂಡ್ವಿ ಅಂತ ಹೇಳೋದು ಹೇಗೆ? ಅದಕ್ಕೆ ಕೊನೆಯ ರಿಪೋರ್ಟಲ್ಲಿ ಯೂನಿಟ್ ಜೊತೆ ಇನ್ನೊಂದು ಸಾಲು ಹಾಕಿದ್ವಿ: ಯಾವ ಗಂಟೆಯಲ್ಲಿ ಯಾರು ಬರಬಹುದು, ಯಾರು ಬರೋಕಾಗಲ್ಲ. ಎಕ್ಸ್‌ಟರ್ನಲ್ ಸರ್ "ಇದನ್ನ ಯಾವ ಯೂನಿಟಲ್ಲಿ ಅಳೀತೀರಿ?" ಅಂತ ಕೇಳಿದ್ರು. ನಮ್ಮ ಹತ್ರ ಉತ್ತರ ಇರ್ಲಿಲ್ಲ. ಅಲ್ಲಿ ಎರಡು ಮಾರ್ಕ್ಸ್ ಹೋಯ್ತು.

ಹಾಲ್ ಯಾವಾಗ ಆಗುತ್ತೋ ಗೊತ್ತಿಲ್ಲ. ಡ್ರಾಯಿಂಗ್ ಹೆಡ್ ಮಿಸ್ ರೂಮಿನ ಗೋಡೆ ಮೇಲಿದೆ, ಅಂದಾಜು ಪಟ್ಟಿ ಸಮಿತಿಯ ಫೈಲಲ್ಲಿದೆ. ಖೋ ಖೋ ಟೀಮು ಈಗಲೂ ಐದೂವರೆಗೆ ಪ್ರಾಕ್ಟೀಸ್ ನಿಲ್ಲಿಸುತ್ತೆ. ಶಾಲೆ ಗೇಟಿನಿಂದ ಬಸ್ ಸ್ಟಾಪ್ ತನಕ ರಸ್ತೆಯಲ್ಲೂ ದೀಪ ಇಲ್ಲ ಅಂತ ಆಮೇಲೆ ಗೊತ್ತಾಯ್ತು. ಅದಕ್ಕೆ ಹಾಲ್ ಬರೋವರೆಗೆ ಕಾಯಬೇಕಾಗಿಲ್ಲ ಅಂತ ಗ್ರಾಮ ಪಂಚಾಯಿತಿಗೆ ಬೀದಿ ದೀಪಕ್ಕೆ ಒಂದು ಅರ್ಜಿ ಬರೆದ್ವಿ. ಕನ್ನಡದಲ್ಲಿ ನಾವು ಬರೆದ ಮೊದಲ ಅರ್ಜಿ ಅದು. ಹೆಡ್ ಮಿಸ್ ಕೆಂಪು ಪೆನ್ನಲ್ಲಿ ಹನ್ನೊಂದು ಕಡೆ ತಿದ್ದಿದ್ರು, "ವಿಷಯ" ಅಂತ ಬರೆಯೋದನ್ನೇ ಮರೆತಿದ್ವಿ. ಮತ್ತೆ ನೀಟಾಗಿ ಬರೆದು, ಆ ಟೀಮಿನ ಹನ್ನೆರಡು ಹುಡುಗೀರ ಸಹಿ ಹಾಕಿಸಿ ಕೊಟ್ವಿ.

ಕೊಟ್ಟು ಎರಡು ತಿಂಗಳಾಯ್ತು. ಏನಾಯ್ತು ಅಂತ ಕೇಳೋಕೆ ಬರೋ ಶನಿವಾರ ಬೆಳಿಗ್ಗೆ ಮತ್ತೆ ಹೋಗ್ತಿದ್ದೀವಿ. ಮೇನ್ ಗೇಟಿಂದ ಎಂಟು ಗಂಟೆ ಬಸ್ಸು. ಯಾರಾದ್ರೂ ಬರೋ ಹಾಗಿದ್ರೆ ಬನ್ನಿ, ಬರೋವಾಗ ಹಳೇ ರಾಕೆಟ್ ಇದ್ರೆ ತನ್ನಿ. ತಂತಿ ಹೋಗಿದ್ರೂ ಪರವಾಗಿಲ್ಲ, ಪಿಟಿ ಸರ್ ಕಟ್ಟಿಸ್ತಾರಂತೆ.